ಒಂಬತ್ತನೇ ಫಾರಂ

ಚಾಮರಾಜಪೇಟೆಯ ಒಂದು ಬೈಂಡಿಂಗ್ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಫಾರಂ ಮಡಿಸುತ್ತಿದ್ದೇನೆ. ಪ್ರೆಸ್ಸಿನಿಂದ ಬರುವ ಒಂದೊಂದು ದೊಡ್ಡ ಹಾಳೆಯಲ್ಲಿ ಹದಿನಾರು ಪುಟ ಅಚ್ಚಾಗಿರುತ್ತವೆ. ಮೂರು ಸಲ ಮಡಿಸಿದರೆ ಪುಟಗಳು ಸಾಲಾಗಿ ಕೂರುತ್ತವೆ. ಅದು ಒಂದು ಫಾರಂ. ಎಲ್ಲ ಫಾರಂ ಜೋಡಿಸಿ ಹೊಲಿದರೆ ಪುಸ್ತಕ. ಓದುವುದು ನನ್ನ ಕೆಲಸವಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಪುಟದ ನಂಬರು ಕಂಡರೆ ಸಾಕು.

ಆದರೆ ಹೋದ ವರ್ಷ ಮಡಿಸಲು ಬಂದದ್ದು ನನ್ನ ತಮ್ಮ ಬರೆದ ಪುಸ್ತಕ.

ಅವನು ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಬದುಕಿದವನು. ಶಂಕರಪುರದ ಅವನ ಮನೆಯಲ್ಲಿ ಎರಡು ಬೀರು ತುಂಬ ಇಂಗ್ಲಿಷ್ ಪುಸ್ತಕಗಳಿವೆ. ಎಲ್ಲವೂ ಮನೆಗಳಿಗೆ ಕಂಪ್ಯೂಟರ್ ಬಂದ ಚರಿತ್ರೆ. ಯಾವುದೋ ದೇಶದ ಹುಡುಗ ಮೊದಲ ಮಿಷನ್ನನ್ನು ಯಾವ ಟೇಬಲ್ಲಿನ ಮೇಲೆ ಇಟ್ಟಿದ್ದ ಅನ್ನುವುದೂ ಅವುಗಳಲ್ಲಿದೆಯಂತೆ. ಬಸವನಗುಡಿಯ ಒಂದು ಮನೆಯ ಸುದ್ದಿಯೂ ಇಲ್ಲವಂತೆ. ಆ ಸಿಟ್ಟಿಗೆ ಐದು ವರ್ಷ ಕೂತು, ಮನೆಮನೆ ತಿರುಗಿ ಕೇಳಿ, ಕನ್ನಡದಲ್ಲಿ ತಾನೇ ಒಂದು ಬರೆದ. ಅಕ್ಕನೇ ಮಡಿಸಲಿ ಎಂದು ನಮ್ಮ ಅಂಗಡಿಗೇ ಬೈಂಡಿಂಗ್ ಕೊಡಿಸಿದ.

ಒಂಬತ್ತನೇ ಫಾರಂ ಮಡಿಸುವಾಗ ‘ಅಮ್ಮ’ ಎಂಬ ಪದ ಕಣ್ಣಿಗೆ ಬಿತ್ತು. ಕೈ ನಿಲ್ಲಿಸಿ, ಬೆರಳಿಟ್ಟು ಓದಿದೆ. ‘ನಮ್ಮಮ್ಮನಿಗೆ ಅಕ್ಷರ ಗೊತ್ತಿರಲಿಲ್ಲ. ನನ್ನ ಪ್ರೋಗ್ರಾಂ ತುಂಬಿದ್ದ ಕ್ಯಾಸೆಟ್ಟು ಅವಳ ಲೆಕ್ಕಕ್ಕೆ ಒಂದು ಹಾಡಿನ ಕ್ಯಾಸೆಟ್ಟು. ಅಕ್ಕನ ಹಾಡು ತುಂಬಿಸಲು ತೆಗೆದುಕೊಟ್ಟಳು. ನನ್ನ ಒಂದು ವರ್ಷದ ಕೆಲಸ ಅವಳ ಕೈಯಲ್ಲಿ ಅಳಿದುಹೋಯಿತು.’

ಅದು ಸುಳ್ಳು. ಅವನು ಹೇಳಿದ ಸುಳ್ಳಲ್ಲ, ನಂಬಿದ ಸುಳ್ಳು.

ಅಮ್ಮ ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುತ್ತಿದ್ದಳು. ಅವಳ ಹತ್ತಿರ ದಿನವೂ ಸೊಪ್ಪು ಕೊಳ್ಳುತ್ತಿದ್ದ ಲೆಕ್ಚರರ್ ಒಬ್ಬರ ಮನೆಯಲ್ಲಿ ಕಂಪ್ಯೂಟರ್ ಇತ್ತು. ಟಿ.ವಿ.ಗೆ ವೈರು ಸಿಕ್ಕಿಸಿ ನಡೆಸುವಂಥದ್ದು. ಮಾಡಿದ್ದನ್ನು ಉಳಿಸಿಡಲು ಹಾಡು ಕೇಳುವ ಕ್ಯಾಸೆಟ್ಟೇ ಬೇಕಿತ್ತು. ತಮ್ಮ ಹೈಸ್ಕೂಲಿನಲ್ಲಿದ್ದಾಗ ದಿನಾ ಸಂಜೆ ಅಲ್ಲಿಗೆ ಹೋಗಿ, ಟಿ.ವಿ. ಪರದೆಯ ಮೇಲೆ ಕನ್ನಡದ ಅಕ್ಷರ ಮೂಡಿಸುವ ಪ್ರೋಗ್ರಾಂ ಬರೆದಿದ್ದ. ಅದನ್ನು ತುಂಬಿದ ಒಂದೇ ಕ್ಯಾಸೆಟ್ಟು ಅವನ ಬ್ಯಾಗಿನಲ್ಲಿರುತ್ತಿತ್ತು.

ಆ ಭಾನುವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಾಡು ಹೇಳಿಸುತ್ತಾರೆಂದು ಮೊದಲೇ ತಿಳಿದಿತ್ತು. ನನ್ನ ದನಿ ಬೇರೆಯವರಿಗೆ ಹೇಗೆ ಕೇಳುತ್ತದೋ ಎಂಬ ಹೆದರಿಕೆ. ಪಕ್ಕದ ಮನೆಯವರ ಟೇಪ್‌ರೆಕಾರ್ಡರ್ ತಂದೆ. ತಮ್ಮನ ಬ್ಯಾಗಿನಿಂದ ಕ್ಯಾಸೆಟ್ಟು ತೆಗೆದು ಹಾಕಿ ಕೇಳಿದೆ. ಬರೀ ಕರಕರ, ಕೀಚು. ಹಾಳಾದ ಕ್ಯಾಸೆಟ್ಟು ಎಂದುಕೊಂಡೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ.

ಆದರೆ ಅದರ ಲಾಕ್ ಮುರಿದಿತ್ತು. ಕ್ಯಾಸೆಟ್ಟಿನ ಬೆನ್ನಿನಲ್ಲಿ ಚಿಕ್ಕ ಪ್ಲಾಸ್ಟಿಕ್ ಚೂರು ಇರುತ್ತಿತ್ತು. ಅದನ್ನು ಮುರಿದರೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಉಳಿಯಲಿ ಅಂದುಕೊಂಡವರು ಮಾತ್ರ ಮುರಿಯುತ್ತಾರೆ. ಆ ತೂತಿಗೆ ಕಾಗದ ತುರುಕಿದರೆ ರೆಕಾರ್ಡ್ ಆಗುತ್ತದೆಂಬುದು ನಮ್ಮ ವಠಾರದಲ್ಲಿ ಮಕ್ಕಳಿಗೂ ಗೊತ್ತಿತ್ತು. ನಾನು ಕಾಗದ ತುರುಕಿದೆ. ಒಂದಲ್ಲ, ಐದು ಸಲ ಹಾಡಿ ತುಂಬಿಸಿದೆ.

ಗಂಡಿನವರು ಒಪ್ಪಿ ಹೋದರು. ಮರುದಿನ ತಮ್ಮ ಲೆಕ್ಚರರ್ ಮನೆಯಿಂದ ಅಳುತ್ತ ಬಂದ. ಮದುವೆ ಗೊತ್ತಾದ ಮನೆಯಲ್ಲಿ ಜಗಳ ಏಳಬಾರದೆಂದೋ ಏನೋ, ಅಮ್ಮ ನನ್ನ ಮುಖ ನೋಡಿ, ತಾನೇ ಕೊಟ್ಟೆ ಅಂದಳು. ನಾನು ಒಲೆಯ ಕಡೆ ತಿರುಗಿಕೊಂಡೆ. ನಿನ್ನಂಥವಳ ಕೈಗೆ ಏನೂ ಸಿಗಬಾರದು ಎಂದು ಅವನು ಅಮ್ಮನಿಗೆ ಅಂದ. ಆ ತಿಂಗಳೇ ಲೆಕ್ಚರರಿಗೆ ವರ್ಗವಾಗಿ ಮಿಷನ್ನೂ ಊರು ಬಿಟ್ಟಿತು. ಅಮ್ಮ ಸಾಯುವವರೆಗೂ ಅವನ ಟೇಬಲ್ಲನ್ನು ಮುಟ್ಟಲಿಲ್ಲ. ಕಸ ಗುಡಿಸುವಾಗಲೂ ಅದನ್ನು ಸುತ್ತಿ ಹೋಗುತ್ತಿದ್ದಳು.

ಈಗ ಆ ಸುಳ್ಳು ಅಚ್ಚಾಗಿ ನನ್ನ ಮುಂದಿತ್ತು. ಮರುದಿನ ಬೆಳಿಗ್ಗೆ ಹೊಲಿಗೆ. ಅವತ್ತೇ ಮೂರು ಗಂಟೆಗೆ ಕೆಲಸ ನೋಡಲು ತಮ್ಮ ಬರುವವನಿದ್ದ. ಅವನಿಗೆ ಏನು ಹೇಳಬೇಕೆಂದು ಯೋಚಿಸುವುದು ಬಿಟ್ಟು, ಒಂಬತ್ತನೇ ಫಾರಮ್ಮಿನ ಕಟ್ಟುಗಳನ್ನೆಲ್ಲ ಕತ್ತರಿಸಿದ ಕಾಗದದ ರಾಶಿಯ ಹಿಂದಕ್ಕೆ ತಳ್ಳಿ ಗೋಣಿ ಮುಚ್ಚಿದೆ. ಹತ್ತನೆಯದನ್ನು ಮಡಿಸಲು ಕೂತೆ.

ಯಜಮಾನರು ಬಂದು ಒಂಬತ್ತೆಲ್ಲಿ ಎಂದರು. ಪ್ರೆಸ್ಸಿನಿಂದ ಬಂದಿಲ್ಲ ಎಂದೆ. ಹಿಂದಿನ ಬೀದಿಯ ಪ್ರೆಸ್ಸಿಗೆ ಫೋನ್ ಹೋಯಿತು. ಅಲ್ಲಿ ಅಚ್ಚಿನ ಮಿಷನ್ ನಡೆಸುವ, ಹಾಳೆ ತಂದುಕೊಟ್ಟಿದ್ದ ಮಿಷನ್‌ಮ್ಯಾನೇ ಓಡಿಬಂದರು. ವಯಸ್ಸಾದವರು. ಬೆಳಿಗ್ಗೆ ನನ್ನ ಕೈಗೇ ಕೊಟ್ಟಿದ್ದರು.

“ಕೊಟ್ಟೆ ಅಂತ ನೆನಪು ಸಾರ್,” ಎಂದರು.

“ನಿಮ್ ನೆನಪಿನ ಕಥೆ ಹೋದ ತಿಂಗಳೇ ನೋಡಿದೀನಿ. ನಿಮ್ ಓನರಿಗೆ ಹೇಳ್ತೀನಿ, ಇನ್ನು ಮನೇಲಿ ಮೊಮ್ಮಕ್ಕಳ್ನ ಆಡಿಸ್ಕೊಂಡಿರಿ.”

ಅವರು ನನ್ನ ಕಡೆ ನೋಡಿದರು. ನಾನು ಮಡಿಸುತ್ತಲೇ ಇದ್ದೆ. “ಕೊಡ್ಲಿಲ್ವೇನೋ ಸಾರ್,” ಎಂದರು ಆಮೇಲೆ, ಮೆಲ್ಲಗೆ.

ಅಷ್ಟರಲ್ಲಿ ತಮ್ಮ ಬಾಗಿಲಲ್ಲಿ ನಿಂತಿದ್ದ. “ಏನ್ ಸಾರ್, ನಮ್ ಪುಸ್ತಕದಲ್ಲಿ ಎಂಟಾದ್ಮೇಲೆ ಹತ್ತಾ? ನಾನ್ ರಿಪೇರಿ ಮಾಡಿದ ಕಂಪ್ಯೂಟರೂ ಇಂಥ ತಪ್ಪು ಮಾಡಿಲ್ಲ,” ಎಂದು ನಕ್ಕ.

ಎದ್ದು ಗೋಣಿ ತೆಗೆದೆ. ಅವರು ತಂದುಕೊಟ್ಟಿದ್ದರು, ನಾನೇ ಬಚ್ಚಿಟ್ಟೆ ಎಂದು ಯಜಮಾನರಿಗೆ ಹೇಳಿದೆ. ಆಮೇಲೆ ತಮ್ಮನ ಕಡೆ ತಿರುಗಿದೆ.

“ಅಮ್ಮನ ವಿಷಯ ಇದ್ರಲ್ಲಿ ಬರೆದಿರೋದು ಸುಳ್ಳು ಕಣೋ. ಅಮ್ಮ ಕೊಡ್ಲಿಲ್ಲ. ನಿನ್ ಬ್ಯಾಗಿಂದ ನಾನೇ ತಗೊಂಡೆ.”

ಅವನು ಕಟ್ಟಿನ ಹತ್ತಿರ ಬಂದ. “ಲಾಕ್ ಮುರಿದಿದ್ದೆನಲ್ಲ, ಅಕ್ಕ.”

“ನೋಡ್ದೆ. ಪೇಪರ್ ತುರುಕಿದೆ.”

“ಅಂದ್ರೆ ಗೊತ್ತಿತ್ತು.”

“ಗೊತ್ತಿತ್ತು.”

“ನಾನು ಅಮ್ಮನಿಗೆ ಏನಂದೆ ಅಂತ ಕೇಳಿಸ್ಕೊಂಡೂ ಸುಮ್ನಿದ್ಯಲ್ಲ,” ಎಂದ. ಕಟ್ಟಿನ ಮೇಲಿನ ಒಂದು ಹಾಳೆಯನ್ನು ಸುರುಳಿ ಸುತ್ತಿಕೊಂಡು ಹೊರಟುಹೋದ.

ಹೊಲಿಗೆ ನಿಂತಿತು. ವಾರ ಕಳೆದು ಹೊಸ ಫಾರಂ ಅಚ್ಚಾಗಿ ಬಂತು. ತಂದ ಮಿಷನ್‌ಮ್ಯಾನ್ ಕಟ್ಟುಗಳನ್ನು ನನ್ನೆದುರು ಎಣಿಸಿ, ಚೀಟಿ ಮುಂದೆ ಹಿಡಿದು, ಸೈನ್ ಹಾಕಿ ಅಮ್ಮ ಎಂದರು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಕೇಳಿದವರಲ್ಲ. ಸೈನ್ ಹಾಕಿದೆ.

ಹೊಸ ಪುಟದಲ್ಲಿ ಹೀಗಿತ್ತು: ‘ಲಾಕ್ ಮುರಿದದ್ದನ್ನು ಕಂಡೂ ನನ್ನ ಅಕ್ಕ ಅದರಲ್ಲಿ ಹಾಡು ತುಂಬಿಸಿದಳು. ಅಮ್ಮ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು. ನಾನು ನಂಬಿದೆ. ಅಮ್ಮನಿಗೆ ಆಡಬಾರದ ಮಾತು ಆಡಿದೆ.’ ಒಂದು ಮಾತು ಹೆಚ್ಚಿಲ್ಲ, ಕಡಿಮೆ ಇಲ್ಲ. ನನ್ನನ್ನು ಸುಮ್ಮನೆ ಬಿಟ್ಟಿರಲಿಲ್ಲ, ತನ್ನನ್ನೂ.

ಈ ಫಾರಂ ಬೇರೆ ಹೆಂಗಸಿಗೆ ಕೊಡಲೇ ಎಂದು ಯಜಮಾನರು ಕೇಳಿದರು. ಬೇಡವೆಂದೆ. ಮೊದಲ ಹಾಳೆಯನ್ನು ಎದುರಿಗೆ ಹಾಸಿ, ಅಂಚಿಗೆ ಅಂಚು ಕೂರಿಸಿ, ಮಡಿಸತೊಡಗಿದೆ. ಸಂಜೆಯ ಹೊತ್ತಿಗೆ ಅರ್ಧ ಮಾತ್ರ ಮುಗಿದಿತ್ತು.