ಬೇಡ ಎಂದರೆ ನಂಬುವವರು

ಯಾರಾದರೂ ‘ಬೇಡ’ ಅಂದರೆ ನಾನು ನಂಬಿಬಿಡುತ್ತೇನೆ. ನನ್ನ ಫಜೀತಿಗಳೆಲ್ಲ ಶುರುವಾಗುವುದೇ ಅಲ್ಲಿಂದ.

ನಮ್ಮ ಕಡೆ ಊಟಕ್ಕೆ ಕೂತವರು ‘ಸಾಕು, ಬೇಡ’ ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಬಡಿಸುವವನು ಆ ಕೈಯನ್ನು ಸರಿಸಿ, ‘ನಮ್ಮನೆ ಪಾಯಸ ಸೇರಲ್ವಾ’ ಎಂದು ಗದರಿ ಸುರಿಯಬೇಕು. ಸುರಿದರೆ ಮರ್ಯಾದೆ, ಬಿಟ್ಟರೆ ಅವಮಾನ. ನನ್ನ ನಾದಿನಿಯ ಮದುವೆಯಲ್ಲಿ ಯಾರೋ ಪುಣ್ಯಾತ್ಮರು ಪಾಯಸದ ಬಕೆಟ್ಟನ್ನು ನನ್ನ ಕೈಗೆ ಕೊಟ್ಟರು. ಮೊದಲನೆಯವರು ಬೇಡ ಅಂದರು, ಮುಂದಕ್ಕೆ ಹೋದೆ. ಪಕ್ಕದವರೂ ಬೇಡ ಅಂದರು. ಹೀಗೆ ಪಂಕ್ತಿ ಪೂರ್ತಿ ನಡೆದು, ತುಂಬಿದ ಬಕೆಟ್ಟನ್ನು ಅಡುಗೆಯವರಿಗೆ ಒಪ್ಪಿಸಿ, ‘ಯಾರಿಗೂ ಬೇಡವಂತೆ’ ಎಂದೆ. ಗಂಡಿನ ಕಡೆಯವರು ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಆ ಮದುವೆಯ ಫಲವೇ ಸುಮ. ಮೈಸೂರಿನಲ್ಲಿ ಸೈಕಾಲಜಿ ಓದುತ್ತಿದ್ದಳು. ಎಲ್ಲರ ಜೇಬಿಗೂ ಮೊಬೈಲು ಬಂದು ಕೂತಿದ್ದ ಕಾಲ ಅದು. ಪಾಯಸದ ಸೇಡೋ ಏನೋ, ಒಂದು ಭಾನುವಾರ ನಂಜನಗೂಡಿನ ನಮ್ಮ ಮನೆಗೆ ಬಂದವಳು ನನ್ನನ್ನೇ ದಿಟ್ಟಿಸಿ, “ದೊಡ್ಡಪ್ಪ, ನಿಮಗೆ ಆಟಿಸಂ ಇರಬಹುದು. ಒಬ್ಬರು ಡಾಕ್ಟರ್ ಗೊತ್ತು, ತೋರಿಸ್ತೀರಾ?” ಅಂದಳು.

ಅದು ಕಾಯಿಲೆಯಲ್ಲವಂತೆ, ಹುಟ್ಟಿನಿಂದ ಬಂದ ಮಿದುಳಿನ ಒಂದು ರೀತಿಯಂತೆ. ಮಾತನ್ನು ಇದ್ದಹಾಗೆ ನಂಬುವುದು, ಎದುರಿನವರ ಕಣ್ಣು ನೋಡದಿರುವುದು, ಗದ್ದಲವಾದರೆ ಎದ್ದು ಹೋಗುವುದು, ದಿನವೂ ಅದೇ ಬಸ್ಸಿನ ಅದೇ ಸೀಟಿಗೆ ಹಟ ಹಿಡಿಯುವುದು. ಇವೆಲ್ಲ ಗಣಿತದ ಮೇಷ್ಟ್ರ ಲಕ್ಷಣಗಳೆಂದು ನಾನು ತಿಳಿದಿದ್ದೆ. ನನ್ನ ಹೆಂಡತಿ ಸರೋಜ ಮಾತ್ರ ತಕ್ಷಣ ಒಪ್ಪಿದಳು. “ತೋರಿಸ್ಕೊಂಡು ಬನ್ನಿ. ಇಷ್ಟು ವರ್ಷ ನಾನಿದನ್ನ ಕೊಬ್ಬು ಅಂದ್ಕೊಂಡಿದ್ದೆ,” ಅಂದಳು.

ನಾನು ತಿಂಗಳುಗಟ್ಟಲೆ ಮೀನಮೇಷ ಎಣಿಸಿದೆ. ಐವತ್ತರ ಹತ್ತಿರ ಬಂದವನಿಗೆ ಇದೆಲ್ಲ ಯಾಕೆ? ತಿ. ನರಸೀಪುರದ ನನ್ನ ಸ್ಕೂಲಿನಲ್ಲಿ ಹುಡುಗರು ನನ್ನನ್ನು ತಿಕ್ಕಲು ಮೇಷ್ಟ್ರು ಅನ್ನುತ್ತಾರೆ. ಅದು ಕಷ್ಟಪಟ್ಟು ಸಂಪಾದಿಸಿದ ಬಿರುದು. ಡಾಕ್ಟರು ಹೆಸರಿಟ್ಟ ಮರುದಿನದಿಂದ ಸ್ಟಾಫ್ ರೂಮಿನಲ್ಲಿ ‘ಪಾಪ’ ಶುರುವಾಗುತ್ತದೆ. ಡ್ರಿಲ್ ಮೇಷ್ಟ್ರು ನನ್ನ ಜೊತೆ ನಿಧಾನವಾಗಿ, ಜೋರಾಗಿ ಮಾತಾಡತೊಡಗುತ್ತಾರೆ. ತಿಕ್ಕಲನ್ನು ತಡೆದುಕೊಳ್ಳಬಹುದು, ಪಾಪವನ್ನು ತಡೆಯಲಾರೆ.

ಹಾಗೆಂದು ನಂಜುಂಡನನ್ನು ಕೇಳೋಣವೆಂದರೆ, ಊರಿನ ದೊಡ್ಡ ವೈದ್ಯ ಅವನೇ ಆದರೂ ನನಗೆ ಅವನ ಮೇಲೇ ಗುಮಾನಿ. ದಿನವೂ ಅದೇ ಹೊತ್ತಿಗೆ ಅದೇ ಅಭಿಷೇಕ ಬೇಕು, ಎದುರಿಗೆ ಎಷ್ಟು ಜನ ಗೋಳಾಡಿದರೂ ಒಂದು ಮಾತಿಲ್ಲ. ಹಾಲಾಹಲ ಕೊಟ್ಟಾಗ ಉಪಚಾರಕ್ಕಾದರೂ ಒಮ್ಮೆ ಬೇಡ ಅನ್ನಲಿಲ್ಲ. ನಮ್ಮ ಪೈಕಿಯವನೇ ಇರಬೇಕು.

ನಿಜ ಹೇಳಲೇ? ದೊಡ್ಡ ಭಯ ಬೇರೆ ಇತ್ತು. ಡಾಕ್ಟರು ‘ನಿಮಗೇನೂ ಇಲ್ಲ’ ಎಂದುಬಿಟ್ಟರೆ ಸರೋಜ ಅಂದುಕೊಂಡಿದ್ದೇ ಖಾಯಮ್ಮಾಗುತ್ತದೆ. ನಾನು ಬರೀ ಕೊಬ್ಬಿದ ಮನುಷ್ಯ, ಅಷ್ಟೆ.

ಅಷ್ಟರಲ್ಲಿ ಸುಮ ಫೋನು ಮಾಡಿ, ಚಿಕ್ಕಂದಿನಲ್ಲಿ ನನ್ನನ್ನು ನೋಡಿದವರು ಯಾರಾದರೂ ಡಾಕ್ಟರ ಹತ್ತಿರ ಬರಬೇಕು ಅಂದಳು. ಹಾಗೆ ನೋಡಿದವರಲ್ಲಿ ಇನ್ನೂ ಬದುಕಿರುವವಳು ಮೂಗೂರಿನಲ್ಲಿರುವ ಅವ್ವ ಒಬ್ಬಳೇ. ಹೋದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಚಿಕ್ಕವನಿದ್ದಾಗ ಹೇಗಿದ್ದೆ ಎಂದು ಕೇಳಿದೆ.

“ಎಂಗಿದ್ದೆ ಅಂದ್ರೆ? ನಿಮ್ಮಪ್ಪನಂಗೇ ಇದ್ದೆ,” ಅಂದಳು.

ನನಗೆ ತಿಳಿದಷ್ಟು ವಿವರಿಸಿದೆ. ಬೇಡ ಎಂದರೆ ನಂಬುವ ಕಥೆ ಬಂದಾಗ ಅವಳ ಕೈ ನಿಂತಿತು.

“ಮದ್ವೆಯಾದ ವರ್ಸ ಉಗಾದಿಗೆ ಸೀರೆ ತರ್ಲಾ ಅಂದ್ರು ನಿಮ್ಮಪ್ಪ. ವಸಬಳು, ತತ್ತಾ ಅನ್ನಕ್ಕಾದದಾ? ಬ್ಯಾಡ ಅಂದೆ. ಸುಮ್ಕಾದ್ರು. ಆಮೇಕೆ ಯಾವ ಅಬ್ಬಕ್ಕೂ ಕೇಳ್ನಿಲ್ಲ. ತವರಿಂದ ಬಂದದ್ದನ್ನೇ ಉಟ್ಕಂಡೆ. ನನ್ ಕಂಡ್ರೆ ಆಗಕಿಲ್ಲ ಅಂತ ಅವರು ಓಗೋಗಂಟ ಅನ್ಕಂಡಿದ್ದೆ.” ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿ ಕೇಳಿದಳು, “ಅಂಗಾರೆ, ನಾನು ಬ್ಯಾಡ ಅಂದದ್ದ ನಿಜ ಅಂತ್ಲೇ ನಂಬ್ಕಬುಟ್ಟಿದ್ರಾ?”

“ಇರಬಹುದು ಅವ್ವ.”

“ಇರಬೌದು ಅಂದ್ರೆ ಆಗಕಿಲ್ಲ. ಓಗಿ ಕೇಳವ, ನಾನೂ ಬತ್ತೀನಿ.”

“ಸತ್ತಿರೋ ಅಪ್ಪನನ್ನ ಡಾಕ್ಟರಿಗೆ ಹೇಗೆ ತೋರಿಸೋದು?”

“ನೀನಿದ್ದೀಯಲ್ಲ,” ಅಂದಳು.

ತಿಂಗಳುಗಳಿಂದ ನನ್ನದೊಂದೇ ತಲೆಯನ್ನು ತೂಗುತ್ತಿದ್ದವನ ತಕ್ಕಡಿಯಲ್ಲಿ ಈಗ ಅಪ್ಪನೂ ಬಂದು ಕೂತ. ಡಾಕ್ಟರು ಏನೂ ಇಲ್ಲ ಎಂದರೆ ನನ್ನ ಮಾನವಷ್ಟೇ ಅಲ್ಲ, ಅವ್ವನಿಗೆ ಈಗಷ್ಟೇ ಸಿಕ್ಕ ಗಂಡನೂ ಮತ್ತೆ ಕೈತಪ್ಪುತ್ತಾನೆ. ಆದರೂ ಹೋಗದಿರಲು ಇನ್ನು ನೆಪ ಉಳಿಯಲಿಲ್ಲ. ಮುಂದಿನ ವಾರ ಬಂದು ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಎದ್ದೆ.

“ಬರ್ವಾಗ ಏನೂ ತರಬ್ಯಾಡ ಕಣೋ. ಸೀರೆ ಗೀರೆ ಬ್ಯಾಡ,” ಅಂದಳು.

ಸರಿ ಎಂದು ಜಗಲಿ ಇಳಿದೆ. ನಾಲ್ಕು ಹೆಜ್ಜೆ ಹಾಕಿದವನಿಗೆ ಯಾಕೋ ಅನುಮಾನ ಬಂದು ವಾಪಸು ಬಂದೆ.

“ಅವ್ವ, ಈ ಬೇಡ ನಿಜವಾಗಲೂ ಬೇಡವಾ?”

ಅವಳು ಅವರೆಕಾಯಿಯಿಂದ ತಲೆ ಎತ್ತಲಿಲ್ಲ. “ನೀಲೀದು ನೋಡು,” ಅಂದಳು. “ಅಂಚು ಸಣ್ಣಕಿರ್ಲಿ.”