ಕರಿ ಹಾಸಿನಲ್ಲಿ ಒಂದು ಅರಿಸಿನದ ಎಳೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಬೀದಿಯಲ್ಲಿ ಸೊಪ್ಪು ಮಾರುವವಳನ್ನೂ ಒಳಕ್ಕೆ ಕರೆದು ತೋರಿಸುತ್ತೇನೆ. ದೃಷ್ಟಿಯಾಗುತ್ತದೆ ಅಂತ ಮಗಳು ಬೈಯುತ್ತಾಳೆ. ಆಗಲಿ, ನಿವಾಳಿಸಿ ಹಾಕಿದರಾಯಿತು. ಈ ವಯಸ್ಸಲ್ಲಿ ಬಂದ ಸಂತೋಷವನ್ನು ಎಲ್ಲಿ ಅಂತ ಬಚ್ಚಿಡಲಿ?

ಮೊನ್ನೆ ಮಗುವನ್ನು ಎತ್ತಿಕೊಂಡು ಎಲ್ಲರೂ ಸ್ಟುಡಿಯೋಗೆ ಹೋದೆವು. ಅಳಿಯ ಅಲ್ಲಿ ಗೋಡೆಗೆ ನೇತುಹಾಕಿದ್ದ ಕರಿ ಟೈ ತೆಗೆದು ಕತ್ತಿಗೆ ಕಟ್ಟಿಕೊಂಡ. ನಾನು ಬೆರಳಲ್ಲಿ ಹಿಡಿದು ನೋಡಿದೆ. ರೇಷ್ಮೆಯಲ್ಲ, ನೈಲಾನು. "ಇಂಥದ್ಕೆ ನಮ್ಮನೇಲೂ ಒಂದ್ಸಲ ಬಟ್ಟೆ ನೇಯ್ದಿದ್ರು ಕಣಪ್ಪ, ಅಡಗಲ್ಲಿ ಸಮುದ್ರ ದಾಟಿ ಫಾರಿನ್‌ಗೆ ಓಗ್ಬೇಕಾಗಿತ್ತು" ಅಂದೆ. ಅವನು ನಕ್ಕುಬಿಟ್ಟ. ಕೊಳ್ಳೇಗಾಲ ಅಂದರೆ ಸೀರೆ, ಅಷ್ಟೇ ಅವನಿಗೆ ಗೊತ್ತಿರುವುದು. ಮಗಳಿಗೂ ಪೂರ್ತಿ ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಈ ಮಗಳು ಹೊಟ್ಟೆಯಲ್ಲಿದ್ದಾಗಿನ ಮಾತು. ಅದಕ್ಕೆ ಮುಂಚೆ ಎರಡು ಬಸಿರು ನಿಂತಿರಲಿಲ್ಲ. ಎರಡನೆಯದು ಏಳು ತುಂಬಿದ ಮೇಲೆ ಹೋಗಿತ್ತು, ಗಂಡು. ಆಮೇಲೆ ನನ್ನನ್ನು ಕಾಮಗೆರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಭಾರ ಎತ್ತಬೇಡ, ಚೆನ್ನಾಗಿ ತಿನ್ನು ಅಂದು ಕಳಿಸಿದ್ದರು. ಮೂರನೆಯದು ನಿಂತಾಗ ನಮ್ಮ ಅತ್ತೆ ನನಗೆ ಬಿಂದಿಗೆ ಮುಟ್ಟಲು ಬಿಡಲಿಲ್ಲ. ರಾತ್ರಿ ನಾನು ಮಗ್ಗುಲು ಬದಲಿಸಿದರೂ ಅವರಿಗೆ ಎಚ್ಚರವಾಗುತ್ತಿತ್ತು. ಇದೂ ಹೋದರೆ ನಾನೂ ಹೋಗುತ್ತೇನೆ ಅಂತ ಅವರು ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಮನೆಯಲ್ಲಿ ಒಂದೇ ಮಗ್ಗ. ನಡುಮನೆಯ ಗುಂಡಿಯಲ್ಲಿ ಕಾಲಿಟ್ಟು ನಮ್ಮ ಮಾವ ನೇಯುತ್ತಿದ್ದರು. ನನ್ನ ಗಂಡ ಸಾವ್ಕಾರರ ಷೆಡ್ಡಿನಲ್ಲಿ ಕೂಲಿ ನೇಯುತ್ತಿದ್ದರು. ಬೆಳಕು ಹರಿಯುವ ಮುಂಚೆ ಹೋದರೆ ದೀಪ ಹಚ್ಚಿದ ಮೇಲೆ ಬರುವುದು. ರೇಷ್ಮೆ ಸಾವ್ಕಾರರದು, ಮೈ ನಮ್ಮದು. ಆ ವರ್ಷ ಸೀರೆ ಕೇಳುವವರಿಲ್ಲದೆ ಬೀದಿಯ ಅರ್ಧ ಮಗ್ಗ ಸುಮ್ಮನೆ ಕೂತಿದ್ದವು. ಅಂಥ ಹೊತ್ತಲ್ಲಿ ಸಾವ್ಕಾರರು ಮನೆಗೇ ಬಂದರು. ಅವರು ಜಗುಲಿಯ ಮೇಲೆ ಕೂತರು. ಮಾವ ಕೆಳಗೆ ನಿಂತರು.

"ಪರದೇಶಕ್ಕೆ ಕಳ್ಸೋ ಮಾಲು ಬಂದದೆ ಕಣಯ್ಯ. ಬರೀ ಕರೀದು. ಸೆರಗಿಲ್ಲ, ಅಂಚಿಲ್ಲ. ನೇಯ್ತಾ ಓಗದು ಅಷ್ಟೆ."

"ಬರೀ ಕರೀದ ಯಾವ ಎಂಗ್ಸು ಉಡ್ತಾಳೆ ಸಾವ್ಕಾರ್ರೆ?"

"ಉಡಾಕಲ್ಲ. ದೊರೆಗೋಳು ಕತ್ಗೆ ಕಟ್ಕತಾರಲ್ಲ, ಟೈ. ಅದ್ಕೆ."

"ಕತ್ಗೆ ರೇಷ್ಮೆ ಕಟ್ಕಂಡು ಎಲ್ಗೋಯ್ತಾರೆ?"

"ಯಾರಾರ ಸತ್ರೆ ಮಣ್ಣಿಗೋಯ್ತಾರೆ. ಸಾವಿಗೆ ಕರೀದೇ ಆಗ್ಬೇಕಂತೆ ಅಲ್ಲಿ." ಸಾವ್ಕಾರರು ನಕ್ಕರು. "ಅವ್ರ ಸಾವಲ್ಲಿ ನಿಮ್ಮನೆ ಒಲೆ ಉರೀಲಿ ಬುಡು."

ಬಾಗಿಲ ಹಿಂದೆ ನಿಂತಿದ್ದ ಅತ್ತೆ ನನ್ನ ಕೈ ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದರು. ಅಂಥ ಮಾತು ನನ್ನ ಹೊಟ್ಟೆಗೆ ಕೇಳಿಸಬಾರದು ಅಂತ.

ನಮ್ಮಲ್ಲಿ ಬರೀ ಕರಿಯ ಹಾಸನ್ನು, ಅಂದರೆ ಉದ್ದಕ್ಕೆ ಬಿಗಿಯುವ ಎಳೆಗಳನ್ನು, ಮಗ್ಗಕ್ಕೆ ಏರಿಸುತ್ತಿರಲಿಲ್ಲ. ಕರಿ ಸೀರೆ ನೇಯ್ದರೂ ಕೆಂಪಂಚೋ ಹಸಿರಂಚೋ ಇದ್ದೇ ಇರುತ್ತಿತ್ತು. ಬಸುರಿ ಇರುವ ಮನೆಯಲ್ಲಂತೂ ಆ ಮಾತೇ ಇಲ್ಲ. ಅದೂ ಹೆಣದ ಹಿಂದೆ ಹೋಗುವ ಬಟ್ಟೆ. ಅತ್ತೆ ಮಾವನ ಮುಂದೆ ಜಗಳಕ್ಕೆ ನಿಂತರು. "ಅದ್ನ ಒಳಿಕ್ಕೆ ತಂದ್ರೆ ಈ ಮಗೀನ ಕಳ್ಕಂಡಂಗೇಯ" ಅಂದರು. ಮಾವ ತಲೆಯೆತ್ತದೆ, "ತರ್ದೆ ಇದ್ರೆ ಬಸ್ರಿಗೆ ಏನಿಕ್ಕೀಯ?" ಅಂದರು. ಮಾರನೇ ದಿನ ಕರಿ ಹಾಸು ಬಂತು.

ಹೊಸ ಹಾಸು ಬಂದರೆ ಹಳೇ ಹಾಸಿನ ತುದಿಗೆ ಅದರ ಒಂದೊಂದು ಎಳೆಯನ್ನೂ ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಕೂಡಿಸಬೇಕು. ನಮ್ಮನೆಯಲ್ಲಿ ಅದು ಅತ್ತೆಯ ಕೆಲಸ. ಎಲ್ಲಾ ಕೂಡಿಸಿ ಮುಗಿದ ಮೇಲೆ ನನ್ನ ಹತ್ತಿರ ಬಂದು ಕೂತು ಮೆಲ್ಲಗೆ ಹೇಳಿದರು:

"ಒಂದು ಎಳೆ ಅರಿಸ್ನದ್ದು ಆಕಿವ್ನಿ ಕಣವ್ವ. ಬಿಳೀ ರೇಷ್ಮೇನ ಅರಿಸ್ನದಲ್ಲಿ ಅದ್ದಿ ಒಣಗ್ಸಿದ್ದೆ. ಈಗ ಅದು ಬರೀ ಕರೀದಲ್ಲ. ನೀ ಎದರ್ಕಬೇಡ."

"ಅಂಚಲ್ಲಿ ಆಕಿದ್ದೀರಾ ಅತ್ತೆ?"

"ಅಂಚಲ್ಲಿ ಆಕುದ್ರೆ ಕತ್ರಿಸಿ ಬಿಸಾಕ್ತಾರೆ. ನಡೂಮಧ್ಯಕ್ಕೆ ಆಕಿವ್ನಿ. ಮಗ ಇರದೂ ಅಲ್ಲೇ ತಾನೆ?"

"ಸಾವ್ಕಾರ್ರು ಬೈಯಕಿಲ್ವಾ?"

"ಅಷ್ಟು ದೂರದೋರು ಒಂದೆಳೆ ಎಣಿಸ್ತಾರಾ? ಬೈಯದಾದ್ರೆ ನಿಮ್ಮಾವ ಮೊದ್ಲು ಬೈಯ್ಲಿ. ಗುಂಡಿಗಿಳೀತಲೂವೆ ಕಣ್ಗೆ ಒಡೀತದೆ."

ಮಾವ ಬೆಳಿಗ್ಗೆ ಗುಂಡಿಗಿಳಿದರು. ಹಾಸಿನ ಮೇಲೆ ಅಂಗೈ ಸವರಿದರು. ಅತ್ತೆ ಕಂಬಕ್ಕೆ ಒರಗಿ ಕಾಯುತ್ತಾ ನಿಂತಿದ್ದರು. ಮಾವ ಏನೂ ಅನ್ನದೆ ಲಾಳಿ ಎಸೆದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದರು. "ನೋಡುದ್ರು. ಸುಮ್ನಾದ್ರು" ಅಂದರು. ಗಂಡ ಹೆಂಡಿರಾಗಿ ಅಷ್ಟು ವರ್ಷದಲ್ಲಿ ಅತ್ತೆಯ ಮುಖ ಅಷ್ಟು ಮೆತ್ತಗಾಗಿದ್ದು ಅವತ್ತೇ ಇರಬೇಕು. ನನ್ನ ಗಂಡ ದೀಪದ ಬೆಳಕಲ್ಲಿ ಆ ಎಳೆ ಕಂಡು ಕೇಳಿದಾಗಲೂ, "ನಿಮ್ಮಪ್ಪ ನೋಡಿ ಒಪ್ಕಂಡವ್ರೆ, ನೀನು ಬಾಯಿ ಮುಚ್ಕ" ಅಂದರು.

ನಾನೂ ಹಾಗೇ ತಿಳಿದೆ. ಮಜ್ಜಿಗೆ ಕೊಡಲು ಹೋದಾಗೆಲ್ಲ ನೋಡುತ್ತಿದ್ದೆ. ಬಾವಿ ನೀರಿನಂಥ ಕರಿ ಹಾಸು, ನಟ್ಟನಡುವೆ ಹಳದಿ ಗೆರೆ. ಎಳೆ ಹರಿದರೆ ಮಾವ ಲಾಳಿ ನಿಲ್ಲಿಸಿ, ಬಗ್ಗಿ, ಬೆರಳಿನ ತುದಿಯಲ್ಲೇ ಹರಿದ ತುದಿ ಹುಡುಕಿ ಕೂಡಿಸುತ್ತಿದ್ದರು. ಒಂದೊಂದು ಸಲ ಬಹಳ ಹೊತ್ತಾಗುತ್ತಿತ್ತು. ಕರಿ ಬಣ್ಣ, ಗುಂಡಿಯ ಕತ್ತಲೆ, ಯಾರಿಗಾದರೂ ಅಷ್ಟೇ ಅಂದುಕೊಳ್ಳುತ್ತಿದ್ದೆ. ನನಗಾಗಿ ಇವರು ಆ ಎಳೆಯನ್ನು ಸಹಿಸಿಕೊಂಡಿದ್ದಾರಲ್ಲ ಅಂತ ಮನಸ್ಸು ತುಂಬಿ ಬರುತ್ತಿತ್ತು. ಹೊಟ್ಟೆಯಲ್ಲಿ ಮಗು ಒದೆಯುತ್ತಿತ್ತು. ಏಳು ತುಂಬಿತು, ಎಂಟಕ್ಕೆ ಬಿತ್ತು.

ನೇಯ್ದದ್ದು ಮುಗಿದಾಗ ಬಟ್ಟೆಯ ಸುರುಳಿ ತೆಗೆದುಕೊಂಡು ಹೋಗಲು ಸಾವ್ಕಾರರೇ ಬಂದರು, ಜೊತೆಗೆ ಬೆಂಗಳೂರಿನಿಂದ ಮಾಲು ನೋಡಲು ಬಂದಿದ್ದ ಪ್ಯಾಂಟಿನವರೊಬ್ಬರು. ಜಗುಲಿಯ ಬಿಸಿಲಲ್ಲಿ ಬಟ್ಟೆ ಬಿಚ್ಚಿದರು. ಎರಡು ಮೊಳ ಬಿಚ್ಚಿ ನಿಲ್ಲಿಸಿಬಿಟ್ಟರು.

"ಏನಯ್ಯಾ ಇದು?" ಸಾವ್ಕಾರರು ಕೇಳಿದರು.

"ಏನು ಸಾವ್ಕಾರ್ರೆ?"

"ನಡುವೆ ಅಳದಿ ಎಳೆ ಬಂದದಲ್ಲ, ಇದೇನು?"

ಮಾವನ ಮುಖದಲ್ಲಿ ಆಗ ಕಂಡದ್ದನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಅತ್ತೆಗೆ ಅದು ನನಗಿಂತ ಮುಂಚೆ ತಿಳಿಯಿತು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಇಷ್ಟುದ್ದ ನೇಯ್ದಿದೀಯ, ನಿಂಗೆ ಕಾಣ್ನಿಲ್ವಾ?"

"ಕಾಣ್ದೆ ಏನು? ನಾನೇ ಆಕುಸ್ದೆ. ಮನೇಲಿ ಬಸ್ರಿ ಅವ್ಳೆ. ಬರೀ ಕರೀದು ಆಗದಿಲ್ಲ ನಮ್ಗೆ."

ಬೆಂಗಳೂರಿನವರು ಬಟ್ಟೆಯನ್ನು ಮಾವನ ಮುಂದೆ ಹಿಡಿದು, ಸಿಟ್ಟಿಲ್ಲದೆಯೇ, "ಎಲ್ಲಿದೆ ತೋರಿಸಿ ಯಜಮಾನ್ರೆ" ಅಂದರು.

ಮಾವ ಕೈ ಚಾಚಿದರು. ಬೆರಳು ಬಟ್ಟೆಯ ಮೇಲೆ ಇಳಿಯಿತು, ಹಳದಿ ಗೆರೆಗೆ ಒಂದು ಗೇಣು ಈಚೆಗೆ. "ಇಲ್ಲೇ ಅದೆಯಲ್ಲ" ಅಂದರು. ಬೆರಳು ಸ್ವಲ್ಪ ಸರಿಯಿತು, ಇನ್ನೂ ದೂರಕ್ಕೆ. ಎದುರು ಜಗುಲಿಯ ಜನ ಎದ್ದು ನಿಂತು ನೋಡುತ್ತಿದ್ದರು. ಕೊನೆಗೆ ಸಾವ್ಕಾರರೇ ಆ ಕೈಯನ್ನು ಹಿಡಿದು ಕೆಳಗಿಳಿಸಿದರು.

ಬಟ್ಟೆ ಹಡಗು ಹತ್ತಲಿಲ್ಲ. ಅದನ್ನು ಸಾವ್ಕಾರರು ಏನು ಮಾಡಿದರೋ ಗೊತ್ತಿಲ್ಲ. ನಮ್ಮ ಮಗ್ಗಕ್ಕೆ ಮತ್ತೆ ಹಾಸು ಬರಲಿಲ್ಲ. ಯಾರೂ ಜೋರು ಮಾಡಿ ಮಾತಾಡಲಿಲ್ಲ, ಹಾಸು ಬರಲಿಲ್ಲ ಅಷ್ಟೇ. ಗುಂಡಿಯ ಮೇಲೆ ಹಲಗೆ ಮುಚ್ಚಿದರು. ಮಾವ ರಾಟೆಯ ಮುಂದೆ ಕೂತು, ಬೀದಿಯ ಮಗ್ಗಗಳಿಗೆ ಲಾಳಿಯ ನೂಲು ಸುತ್ತಿಕೊಡಲು ಶುರುಮಾಡಿದರು. ಅದು ಹೆಂಗಸರು ಮಕ್ಕಳು ಮಾಡುವ ಕೆಲಸ. ಕಣ್ಣಿಲ್ಲದೆಯೂ ಆಗುತ್ತದೆ.

ಅತ್ತೆಗೆ ಅವರು ಒಂದು ಕೆಟ್ಟ ಮಾತೂ ಆಡಲಿಲ್ಲ. ಅದೇ ಅತ್ತೆಯನ್ನು ತಿಂದುಹಾಕಿತು. ಒಂದು ದಿನ ತಡೆಯಲಾರದೆ, "ಯಾವಾಗ್ಲಿಂದ ಕಾಣ್ಸಾಕಿಲ್ಲ?" ಅಂತ ಕೇಳಿದರು. "ಓದ್ಸಲದ ಮಗ ಓದಾಗ್ಲೇ ಅದ್ರ ಮುಖ ಸರ್ಯಾಗಿ ಕಾಣ್ನಿಲ್ಲ" ಅಂದರು ಮಾವ. "ಒಂದ್ಮಾತು ನಂಗೆ ಏಳಬಾರ್ದಾಗಿತ್ತಾ?" "ಏಳುದ್ರೆ ಯಾರು ಮಗ್ಗಕ್ಕೆ ಆಸು ಕೊಡ್ತಿದ್ರು?" ಅಷ್ಟೇ ಮಾತು. ನಾನು ಗೋಡೆಯ ಈಚೆ ಮಲಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದೆ. ಈ ಮಗುವೂ ಉಳಿಯದಿದ್ದರೆ ಈ ಮನೆಯಲ್ಲಿ ಉಳಿಯುವುದಾದರೂ ಏನು ಅನ್ನಿಸಿತು.

ಒಂಬತ್ತು ತುಂಬಿ ಹೆರಿಗೆಯಾಯಿತು. ಒಂದೂವರೆ ದಿನದ ನೋವು. ಸೂಲಗಿತ್ತಿ ಎರಡು ಸಲ ಹೊರಗೆ ಹೋಗಿ ಅತ್ತೆಯ ಹತ್ತಿರ ಪಿಸುಗುಟ್ಟಿ ಬಂದಳು. ಹುಟ್ಟಿದ ಮೇಲೂ ಮಗು ಉಸಿರೆಳೆಯಲು ತಡಮಾಡಿತು. ನಸು ನೀಲಿ ಮೈ, ಹಿಡಿಯಷ್ಟು. ಅತ್ತೆ ತಲೆಕೆಳಗೆ ಹಿಡಿದು ಬೆನ್ನು ತಟ್ಟಿದರು, ತಟ್ಟುತ್ತಲೇ ಇದ್ದರು. ಕಡೆಗೆ ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಬಂತು.

ಅವಳೇ ಇವತ್ತು ನನಗೆ ಮೊಮ್ಮಗಳನ್ನು ಕೊಟ್ಟವಳು. ಬರೆಯುತ್ತಿರುವಾಗಲೂ ಪಕ್ಕದ ಕೋಣೆಯಲ್ಲಿ ಅವಳ ಮಾತು ಕೇಳುತ್ತಿದೆ.

ಆ ಬಾಣಂತನದಲ್ಲಿ ನನ್ನ ಕೋಣೆಯ ಬಾಗಿಲ ಹೊರಗೆ ಮಾವ ರಾಟೆ ಹಾಕಿಕೊಂಡು ಕೂರುತ್ತಿದ್ದರು. ಮಗು ಬಹಳ ಸೊರಗಿತ್ತು. ಅಳಲೂ ಶಕ್ತಿಯಿಲ್ಲದೆ ನಿದ್ದೆಯಲ್ಲೇ ಇರುತ್ತಿತ್ತು. ಸದ್ದಿಲ್ಲದಾಗ ರಾಟೆ ನಿಂತುಹೋಗುತ್ತಿತ್ತು. "ಯಾಕೆ ಸದ್ದಿಲ್ಲ?" ಅಂತ ಕೇಳುತ್ತಿದ್ದರು. ಮಲಗಿದೆ ಅಂದರೆ ನಂಬಿಕೆಯಿಲ್ಲ. ತಂದು ಮುಂದೆ ಹಿಡಿದರೆ ಕಾಣುವುದಿಲ್ಲ. ಮುಟ್ಟಿ ಅಂದರೆ, ಎಳೆ ಹೊಸೆದ ಬೂದಿಯ ಕೈ, ಬೇಡ ಅನ್ನುತ್ತಿದ್ದರು. ಊಟದ ತಟ್ಟೆ ಮುಂದಿಟ್ಟರೂ ಒಳಗಿನ ಸದ್ದಿಗೆ ಕಿವಿಗೊಟ್ಟು ಹಾಗೇ ಕೂತಿರುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ನನ್ನ ಪಕ್ಕದಲ್ಲಿ ಕೂತು ಮಗುವಿನ ಅಂಗಾಲನ್ನು ಉಗುರಿನಿಂದ ಚಿವುಟಿದರು. ಮಗು ಕಿರ್ರೆಂದು ಅತ್ತಿತು. ನನಗೆ ಸಿಟ್ಟು ಬಂತು.

"ಮನಗಿದ್ದ ಮಗೀನ ಯಾಕತ್ತೆ ಅಳುಸ್ತೀರಿ?"

ಅತ್ತೆ ಅಂಗಾಲನ್ನು ಸವರುತ್ತಾ, "ಆ ಯಪ್ಪ ಇನ್ನೂವೆ ಉಂಡಿಲ್ಲ ಕಣವ್ವ" ಅಂದರು.

ಹೊರಗೆ ತಟ್ಟೆ ಎಳೆದುಕೊಂಡ ಸದ್ದಾಯಿತು.