ಒಂದು ಕೂಗಿನ ದೂರ

ಮನೆ ಬದಲಿಸುವವರು ಎಷ್ಟು ದೂರ ಹೋಗುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ. ಬ್ರಹ್ಮಾವರದಿಂದ ಬೊಂಬಾಯಿಗೆ ಹೋದವರಿದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ಮರವಂತೆಯ ನಮ್ಮ ಕೇರಿಯಲ್ಲಿ ಮನೆ ಎತ್ತಿದವರು ಹೋಗುತ್ತಿದ್ದದ್ದು ಹೆಚ್ಚೆಂದರೆ ಒಂದು ಕೂಗಿನ ದೂರ. ಇದು ಬಾಯಿಮಾತಲ್ಲ, ನಿಜವಾಗಿ ಕೂಗಿಯೇ ಅಳೆಯುತ್ತಿದ್ದರು.

ಮಳೆಗಾಲ ಕಳೆದರೆ ಊರೆಲ್ಲ ಸೇರಿ ದಡಕ್ಕೆ ಎಳೆಯುವ ರಂಪಣಿ ಬಲೆಯ ಕಾಲ. ದಡದಲ್ಲಿ ಒಬ್ಬ ಹಿರಿಯ ನೀರಿನ ಬಣ್ಣ ನೋಡುತ್ತ ಕೂತಿರುತ್ತಿದ್ದ. ಬಂಗುಡೆಯ ಹಿಂಡು ಕಂಡದ್ದೇ 'ಹ್ವಾಯ್' ಎಂದು ಕೂಗುತ್ತಿದ್ದ. ಓಡಿ ಬಂದು ಬಲೆಯ ಹಗ್ಗ ಹಿಡಿದವನಿಗೆ ಮೀನಿನ ಪಾಲು, ಬಾರದವನಿಗೆ ಬರಿಗೈ. ಹಾಗಾಗಿ ಹೊಸ ಜಾಗ ನೋಡಿದರೆ ಗಂಡ ದಡದಲ್ಲಿ ನಿಂತು ಮೂರು ಸಲ ಕೂಗಬೇಕು, ಹೆಂಡತಿ ಆ ಜಾಗದಲ್ಲಿ ನಿಂತು ಕೇಳಬೇಕು. ಗಂಡಸರದ್ದು ಸತ್ತವರ ನಿದ್ದೆ, ಎಬ್ಬಿಸುವವರು ನಾವೇ ತಾನೇ, ಅದಕ್ಕೇ ಕಿವಿ ನಮ್ಮದು. ಕೇಳಿತು ಎಂದು ಅವಳು ಹೇಳಿದ ಮೇಲೆಯೇ ಅಲ್ಲಿ ಒಲೆಯ ಮೂರು ಕಲ್ಲು ಇಡುವುದು.

ನಾನು ಯಡ್ತರೆಯವಳು. ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ಎರಡು ಸಲ ಮನೆ ಎತ್ತಿದ್ದೆವು. ಮಳೆಗಾಲದಲ್ಲಿ ಕಡಲು ಅಂಗಳ ಕಚ್ಚುವುದು, ನಾವು ಬೇಸಿಗೆಯಲ್ಲಿ ಬಾಗಿಲು, ತೊಲೆ, ಒಲೆಕಲ್ಲು ಹೊತ್ತು ಹದಿನೈದು ಇಪ್ಪತ್ತು ಹೆಜ್ಜೆ ಹಿಂದೆ ಸರಿಯುವುದು. ಬೆಕ್ಕು ಮರಿಯನ್ನು ಏಳು ಮನೆ ತಿರುಗಿಸುತ್ತದಂತೆ, ನಮ್ಮದು ಒಂದೇ ಅಂಗಳದಲ್ಲಿ ಏಳು ಮನೆ. ಹೀಗೆ ಸರಿಯುತ್ತ ಹೋದರೆ ಬೆನ್ನಿಗೆ ರಸ್ತೆಯಾಚೆಯ ಹೊಳೆ ತಾಗುತ್ತದೆ, ಆಮೇಲೆ ಎಲ್ಲಿಗೆ ಎಂದು ಅತ್ತೆಯನ್ನು ಕೇಳಿದ್ದೆ. ಆಮೇಲಿನದ್ದು ಆಮೇಲೆ ಎಂದುಬಿಟ್ಟರು. ಕಡಲಿಗೆ ಬೆನ್ನು ಹಾಕಿದ ಮನೆಗೆ ಅನ್ನ ನಡೆದು ಬರುವುದಿಲ್ಲ ಎನ್ನುವುದು ಅವರ ಯಾವತ್ತಿನ ಮಾತು.

ಯುದ್ಧದ ಕಾಲ, ಸೀಮೆಎಣ್ಣೆಗೆ ಪರದಾಡುತ್ತಿದ್ದ ವರ್ಷಗಳು. ಒಂದು ಆಷಾಢದಲ್ಲಿ ನೀರು ಹೊಸಿಲು ದಾಟಿ, ಮೂರು ತಿಂಗಳ ಮಗು ಮಲಗಿದ್ದ ತೊಟ್ಟಿಲಿನ ಅಡಿಗೇ ಬಂತು. ಮಗುವಿಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ನನಗೆ ಕೂತಲ್ಲಿ ಕೂರಲಿಕ್ಕಾಗಲಿಲ್ಲ, ನಿಂತಲ್ಲಿ ನಿಲ್ಲಲಿಕ್ಕಾಗಲಿಲ್ಲ. ಅಲೆ ಸ್ವಲ್ಪ ಜೋರಾದರೆ ಅನ್ನದ ಕೈ ಬಟ್ಟಲಲ್ಲೇ ನಿಲ್ಲುತ್ತಿತ್ತು. ಈ ಸಲ ಕಡಲು ಕಾಣದಲ್ಲಿಗೇ ಹೋಗಬೇಕು ಎಂದು ಹಟ ಹಿಡಿದೆ. ಹೊಳೆಯ ಬದಿಗೇ ಬಡಗು ದಿಕ್ಕಿಗೆ ನಡೆದರೆ ಒಂದು ತಿಟ್ಟು ಇತ್ತು. ಮರಗಳ ಮರೆ, ಗಟ್ಟಿ ಮಣ್ಣು. ಅದೇ ಬೇಕೆಂದೆ. ಅಲ್ಲಿಗೆ ಕೂಗು ಕೇಳಿದರೆ ಮಾತ್ರ ಎಂದು ಅತ್ತೆ ಕಟ್ಟುಮಾಡಿದರು.

ಬೇಸಿಗೆಯ ಒಂದು ಮಧ್ಯಾಹ್ನ, ದಡದಲ್ಲಿ ನರಪಿಳ್ಳೆ ಇಲ್ಲದ ಹೊತ್ತಿಗೆ ನಮ್ಮನೆಯವರು ಅತ್ತ ಹೋದರು. ನಾನು ತಿಟ್ಟಿನ ಮೇಲೆ ಉಸಿರು ಬಿಗಿಹಿಡಿದು ನಿಂತೆ. ಗಾಳಿ, ತೆಂಗಿನ ಗರಿಯ ಸದ್ದು, ಎಲ್ಲೋ ಒಂದು ಕಾಗೆ. ಎರಡು ಎಲೆ ಅಡಿಕೆ ಜಗಿದು ಉಗಿಯುವಷ್ಟು ಹೊತ್ತು ಕಾದೆ. ಕೂಗು ಕೇಳಲಿಲ್ಲ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೂತಿದ್ದರು. ನಮ್ಮನೆಯವರು ಆಗಲೇ ಬಂದು ಕಾಲು ತೊಳೆಯುತ್ತಿದ್ದರು.

"ಕೂಗ್ದ್ಯಾ?" ಎಂದು ಅತ್ತೆ ಮಗನನ್ನು ಕೇಳಿದರು. ಅವರು ತಲೆ ಎತ್ತದೆ ಹ್ಞೂಂ ಅಂದರು.

"ಕೇಂಡ್ತಾ?" ಎಂದು ನನ್ನತ್ತ ತಿರುಗಿದರು.

"ಕೇಂಡ್ತ್" ಎಂದೆ.

ಕೇಳದ ಕೂಗನ್ನು ಕೇಳಿತು ಎಂದೆ. ಹುಟ್ಟಿದ ಮೇಲೆ ಅಂಥ ಸುಳ್ಳು ಹೇಳಿದವಳಲ್ಲ. ಕಲ್ಲು ಹೊತ್ತೆವು, ತಿಟ್ಟಿನ ಮೇಲೆ ಮನೆ ಎದ್ದಿತು. ಆ ಮಳೆಗಾಲ ಮಗುವೂ ನಾನೂ ಸುಖವಾಗಿ ಮಲಗಿದೆವು. ಚೌತಿ ಕಳೆದು ಬಲೆ ಇಳಿಯಿತು ನೋಡಿ, ನನ್ನ ಸುಖ ಮುಗಿಯಿತು. ಮೊದಲ ಹಿಂಡು ಬಂದದ್ದು ನಮಗೆ ಗೊತ್ತಾದದ್ದು ಕೇರಿಯ ಹೆಂಗಸರು ಬುಟ್ಟಿ ಹೊತ್ತು ಕುಂದಾಪುರದ ದಾರಿ ಹಿಡಿದಾಗ. ಎರಡನೆಯದೂ ಹಾಗೇ ಹೋಯಿತು. ಅತ್ತೆ ನನ್ನ ಕಿವಿಯನ್ನೇ ದಿಟ್ಟಿಸಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯದನ್ನು ಬಿಡಬಾರದೆಂದು ನಮ್ಮನೆಯವರು ಚಾಪೆ ಸುತ್ತಿಕೊಂಡು ದಡಕ್ಕೆ ಹೋದವರು ಅಲ್ಲೇ ಉಳಿದರು. ದೋಣಿಯ ಚಪ್ಪರದಲ್ಲಿ ಮಲಗುವುದು, ನಾನು ಒಯ್ದ ಗಂಜಿ ಕುಡಿಯುವುದು. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದರೆ ಮಗು ಅವರನ್ನು ಕಂಡು ಅಳುತ್ತಿತ್ತು. ಕಡಲಿನಿಂದ ಮಗುವನ್ನು ಉಳಿಸಿಕೊಂಡೆ, ಗಂಡನನ್ನು ಅದಕ್ಕೇ ಕೊಟ್ಟೆ. ಯಾರ ಮೇಲೆ ಸಿಟ್ಟು ಮಾಡಲಿ? ಗಂಜಿಯ ಪಾತ್ರೆ ಹಿಡಿದು ದಿನಕ್ಕೆರಡು ಸಲ ಆ ದಾರಿ ತುಳಿದೆ. ಪ್ರತಿ ಸಲವೂ ಹೇಳಿಬಿಡಬೇಕು ಎಂದು ಹೊರಡುವುದು, ಉಪ್ಪು ಸಾಕಾ ಎಂದು ಕೇಳಿ ವಾಪಸು ಬರುವುದು.

ದೀಪಾವಳಿಯ ಮುಂಚಿನ ಒಂದು ಬೆಳಿಗ್ಗೆ ಅವರು ಗಂಜಿ ಕುಡಿಯುತ್ತಿರುವಾಗ ಹೇಳಿಯೇಬಿಟ್ಟೆ.

"ಹ್ವಾಯ್, ಅವತ್ತ್ ನಂಗೆ ಕೂಗ್ ಕೇಣ್ಲಿಲ್ಲೆ."

ಅವರು ಪಾತ್ರೆ ಕೆಳಗಿಟ್ಟು ಬಾಯಿ ಒರೆಸಿಕೊಂಡರು.

"ನಾನ್ ಕೂಗ್ಲೇ ಇಲ್ಲೆ ಮಾರಾಯ್ತಿ," ಅಂದರು. ದಡದಲ್ಲಿ ನಿಂತು ತಿಟ್ಟಿನ ದಿಕ್ಕಿಗೆ ನೋಡಿದಾಗಲೇ ಕೇಳಲಿಕ್ಕಿಲ್ಲ ಎಂದು ಗೊತ್ತಾಗಿತ್ತಂತೆ. ಕೂಗಲಿಕ್ಕೆ ಬಾಯಿ ಬರಲಿಲ್ಲವಂತೆ. ನಾನು ಏನು ಹೇಳುತ್ತೇನೋ ನೋಡೋಣ ಎಂದು ಸುಮ್ಮನೆ ಮನೆಗೆ ಬಂದರಂತೆ. "ನೀನ್ ಕೇಂಡ್ತ್ ಅಂದೆ. ಅಷ್ಟ್ ಹೆದ್ರಿಕೆ ಇತ್ತ್ ನಿಂಗೆ ಅಂದ್ ಆಗ ಗೊತ್ತಾಯ್ತ್."

ನನಗೆ ಸಿಟ್ಟು ನೆತ್ತಿಗೇರಿತು. ಎರಡು ತಿಂಗಳು ಒಳಗೊಳಗೇ ಬೆಂದವಳು ನಾನು, ಎಲ್ಲ ಗೊತ್ತಿದ್ದೂ ಗಂಜಿ ಕುಡಿದುಕೊಂಡು ಕೂತವರು ಇವರು. ಬಾಯಿಗೆ ಬಂದದ್ದೆಲ್ಲ ಅಂದೆ. ಅನ್ನುತ್ತ ಅನ್ನುತ್ತ ಅಳು ಬಂತು. ಅವರು ಮರಳಿನ ಮೇಲೆ ಬೆರಳಾಡಿಸುತ್ತ ಕೂತಿದ್ದರು.

ಬೇಸಿಗೆಗೆ ಮತ್ತೆ ಮನೆ ಎತ್ತಿದೆವು. ಈ ಸಲ ಕೂಗು ಕೇಳಿದಲ್ಲೇ ಒಲೆ ಎಂದು ಒಂದು ಕಲ್ಲು ಸೊಂಟಕ್ಕಿಟ್ಟುಕೊಂಡು ತಿಟ್ಟಿನಿಂದ ನಾನೇ ಇಳಿದೆ. ಅವರು ದಡದಲ್ಲಿ ನಿಂತು ಕೂಗುತ್ತಲೇ ಇದ್ದರಂತೆ, ಕೇಳದೆ ನನಗೇನು ಗೊತ್ತು. ಹೊಳೆಯ ಬದಿ ಮುಗಿಯಿತು, ರಸ್ತೆ ಬಂತು, ಅಲೆಯ ಸದ್ದು ಬಂತು, ಕಲ್ಲನ್ನು ಸೊಂಟಕ್ಕೆ ಇನ್ನಷ್ಟು ಒತ್ತಿಕೊಂಡೆ. ಇನ್ನೂ ನಾಲ್ಕು ಹೆಜ್ಜೆ ಇಟ್ಟೆ. ಅಲೆಯ ಸದ್ದಿನ ನಡುವಿಂದ 'ಹ್ವಾಯ್' ಎಂದು ಸಣ್ಣಗೆ ಕೇಳಿತು. ಕೂಗಿ ಕೂಗಿ ಅವರ ಗಂಟಲು ಒಡೆದಿತ್ತು. ಕಲ್ಲನ್ನು ಅಲ್ಲೇ ಇಳಿಸಿದೆ.